ಕಾಟಾಕ್ಕೆ ಹಾಕದ ಅಂದಾಜು

ಕಲಬುರಗಿ

ಚಿ. ಮಲ್ಲುಗೆ ಕಾಕಾನ ಆಶೀರ್ವಾದಗಳು.

ಫೋನಿನಲ್ಲಿ ಇಷ್ಟೆಲ್ಲ ಹೇಳಲು ಆಗಲಿಲ್ಲ. ವೈನಿ ಪಕ್ಕದಲ್ಲೇ ರೊಟ್ಟಿ ಬಡಿಯುತ್ತಿದ್ದರು. ನೀನು ಪುಣೆಯಿಂದ ಗೆಳೆಯರ ಜೊತೆ ಗೋವಾಕ್ಕೆ ಹೋಗಿದ್ದು, ಮಾಂಡೋವಿ ನದಿಯ ಕ್ಯಾಸಿನೋ ಹಡಗಿನಲ್ಲಿ ಬ್ಲ್ಯಾಕ್‌ಜಾಕ್ ಇಸ್ಪೀಟು ಆಡಿ 14 ಸಾವಿರ ಗೆದ್ದಿದ್ದು ಅವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಆಡಿದ್ದಕ್ಕೆ ನಾನು ಬೈಯುತ್ತಿಲ್ಲ. ಆದರೆ ನೀನು ಕೊನೆಗೆ ಆಡಿದ ಒಂದು ಮಾತು ತಲೆಯಲ್ಲಿ ಕೊರೆಯುತ್ತಿದೆ. "ಎಲಿ ಎಣಿಸೋದೇನೂ ಬ್ಯಾಡ ಕಾಕಾ. ದೊಡ್ಡ ಎಲಿ ಜಾಸ್ತಿ ಉಳದಾವ ಅಂದ್ರ ನನಗ ಹಂಗೇ ಗೊತ್ತಾಗ್ತದ."

ಈ ಮಾತು ನಾನೂ ಆಡಿದವನೇ. ಇಸ್ಪೀಟಿನ ಬಗ್ಗೆ ಅಲ್ಲ, ತೊಗರಿಯ ಬಗ್ಗೆ.

ನೆಹರು ಗಂಜಿನ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾ 30 ವರ್ಷ ಕಳೆದವನು ನಾನು. ರಾಶಿ ನೋಡಿ ಇಷ್ಟು ಕ್ವಿಂಟಲ್ ಅಂತ ಹೇಳಿಬಿಡುತ್ತಿದ್ದೆ. ಹಮಾಲರು ಚಹಾ ಪಂದ್ಯ ಕಟ್ಟುತ್ತಿದ್ದರು. ನಾನು ಹದಿನೆಂಟು ಅಂದರೆ ತೂಕದ ಕಾಟಾ ಹದಿನೇಳೂವರೆ ತೋರಿಸುತ್ತಿತ್ತು, ಇಲ್ಲವೇ ಹದಿನೆಂಟೂಕಾಲು. ಅದೇ ಸೊಕ್ಕಿನಲ್ಲಿ ಹಸಿಯನ್ನೂ ಕೈಯಿಂದಲೇ ಹೇಳಲು ಶುರು ಮಾಡಿದೆ. ಒಂದು ಮುಷ್ಟಿ ಹಿಡಿಯುವುದು, ಒಂದು ಕಾಳು ಕಡಿಯುವುದು, "ಒಣಗಿದೆ, ಬರಕೋ" ಅನ್ನುವುದು. ಒಂದು ವರ್ಷ ಎಳ್ಳ ಅಮಾವಾಸ್ಯೆ ಮುಗಿದು ಆವಕ ಜೋರಾಗಿದ್ದಾಗ, ನಾನು ಒಣಗಿದೆ ಅಂದಿದ್ದ ಒಂದು ಲಾಟು ದಾಲ್ ಮಿಲ್ಲಿನಿಂದ ವಾಪಸ್ ಬಂತು. ತೇವ ನೋಡುವ ಮಷಿನ್ ಇಟ್ಟರೆ ಪೂರಾ ಹಸಿ. ಸಾವಕಾರರು ಒಂದು ಮಾತೂ ಆಡಲಿಲ್ಲ. ಅದೇ ಹೆಚ್ಚು ಚುಚ್ಚಿತು.

ತೂಕ ಹೇಳುವ ಕಣ್ಣು ಸರಿ, ಹಸಿ ಹೇಳುವ ಕೈ ತಪ್ಪು. ಹೀಗ್ಯಾಕೆ ಅಂತ ಬಹಳ ದಿನ ಯೋಚಿಸಿದೆ. ಕಾರಣ ಸಣ್ಣದು. ತೂಕದ ಅಂದಾಜು ಹೇಳಿದ ಅರ್ಧ ತಾಸಿನಲ್ಲಿ ಕಾಟಾ ಉತ್ತರ ಕೊಡುತ್ತಿತ್ತು. ತಪ್ಪಿದ್ದರೆ ಹಮಾಲರು ನಗುತ್ತಿದ್ದರು, ಚಹಾ ದುಡ್ಡು ನನ್ನ ಜೇಬಿನಿಂದ ಹೋಗುತ್ತಿತ್ತು. ಕಣ್ಣು ಕಲಿಯಿತು. ಹಸಿಯ ಬಗ್ಗೆ ತಿರುಗಿ ಹೇಳುವವರೇ ಇರಲಿಲ್ಲ. ಲಾರಿ ಹೋದರೆ ಮುಗಿಯಿತು. ಕೈ ಏನೂ ಕಲಿಯಲಿಲ್ಲ, ಧೈರ್ಯ ಮಾತ್ರ ಬೆಳೆಯಿತು.

ನಿನ್ನ ಅಂದಾಜನ್ನು ಯಾವ ಕಾಟಾ ತೂಗಿತು, ಹೇಳು? ಗೆದ್ದಿದ್ದು ಕಾಟಾ ಅಲ್ಲ. ಅಂದಾಜು ತಪ್ಪಿದ್ದರೂ ಒಳ್ಳೆಯ ಎಲೆ ಬೀಳಬಹುದು, ಸರಿಯಿದ್ದರೂ ಸೋಲಬಹುದು. ಪೆಟ್ಟಿಗೆಯಲ್ಲಿ ಉಳಿದ ಎಲೆಗಳನ್ನು ಡೀಲರ್ ನಿನಗೆ ಬಿಚ್ಚಿ ತೋರಿಸುವುದಿಲ್ಲ, ಹಾಗೇ ಕಲಸಿಬಿಡುತ್ತಾನೆ. ನಿನಗೆ ನೆನಪಿರುವುದು ಬೆಟ್ ಏರಿಸಿದಾಗ ರಾಜ, ರಾಣಿ ಬಂದ ಆಟಗಳು. ಅದೇ ಜೋರಿನಲ್ಲಿ ಏರಿಸಿದಾಗ ಮೂರು, ನಾಲ್ಕು ಬಿದ್ದದ್ದು ಮರೆತೇ ಹೋಗಿರುತ್ತದೆ.

ನಗಬೇಡ, ನಾನೂ ಎಣಿಕೆ ಕಲಿತೆ. 2ರಿಂದ 6ರವರೆಗಿನ ಎಲೆ ಹೊರಗೆ ಬಂದರೆ ಒಂದು ಕೂಡಿಸುವುದು. ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಬಂದರೆ ಒಂದು ಕಳೆಯುವುದು. 7, 8, 9 ಸೊನ್ನೆ. 52 ಎಲೆಯ ಕಟ್ಟಿನಲ್ಲಿ ಸಣ್ಣವು 20, ದೊಡ್ಡವೂ 20. ಹಾಗಾಗಿ ಕಟ್ಟು ಮುಗಿದಾಗ ಲೆಕ್ಕ ಸೊನ್ನೆಗೆ ಬಂದು ನಿಲ್ಲಲೇಬೇಕು. ದೀಪಾವಳಿಗೆ ಖಾತೆ ತಾಳೆಯಾದ ಹಾಗೆ! ಎಲ್ಲೋ ತಪ್ಪಿದರೆ ಅದೇ ಹೇಳುತ್ತದೆ. ನನಗೆ ಬಹಳ ಹಿಡಿಸಿತು. ದೊಡ್ಡ ಎಲೆ ಜಾಸ್ತಿ ಉಳಿದರೆ ಆಡುವವನಿಗೆ ಒಳ್ಳೆಯದು ಅನ್ನುವುದೂ ನಿಜ. ಎಕ್ಕ ಮತ್ತು ಹತ್ತು ನಿನಗೆ ಬಂದರೆ ಒಂದೂವರೆ ಪಟ್ಟು ಕೊಡಬೇಕು, ಡೀಲರಿಗೆ ಬಂದರೆ ನೀನು ಕಟ್ಟಿದ್ದಷ್ಟೇ ಹೋಗುತ್ತದೆ. ನೀನು 16ಕ್ಕೆ ನಿಲ್ಲಬಹುದು, ಡೀಲರ್ ಮತ್ತೊಂದು ಎಲೆ ತೆಗೆಯಲೇಬೇಕು, ದೊಡ್ಡ ಎಲೆ ಬಂದು 21 ದಾಟಿದರೆ ಸೋಲುತ್ತಾನೆ.

ಆದರೆ ಒಂದು ಸುತ್ತು ಬರೀ ಸಣ್ಣ ಎಲೆ ಬಂದವು, ಅದಕ್ಕೇ ಬೆಟ್ ಮೂರು ಪಟ್ಟು ಮಾಡಿದೆ ಅಂದೆಯಲ್ಲ, ಅಲ್ಲೇ ಎಡವಿದ್ದು. ಪೆಟ್ಟಿಗೆಯಲ್ಲಿ ಆರು ಕಟ್ಟು, 312 ಎಲೆ. ಐದು ಕಟ್ಟು ಇನ್ನೂ ಒಳಗಿರುವಾಗ ಲೆಕ್ಕ 6ಕ್ಕೆ ಏರಿದರೂ, ಉಳಿದ ಐದು ಕಟ್ಟಿಗೆ ಹಂಚಿದರೆ ಒಂದೊಂದು ಕಟ್ಟಿನ ಪಾಲಿಗೆ ಒಂದರ ಮೇಲೆ ಚೂರು. ಕೊನೆಯ ಒಂದೇ ಕಟ್ಟು ಉಳಿದಾಗ ಅದೇ 6 ಪೂರಾ ಆರು. ತಪ್ಪಿಲ್ಲದೆ ಆಡುವವನಿಂದಲೂ ಕ್ಯಾಸಿನೋ ನೂರು ರೂಪಾಯಿಗೆ ಸುಮಾರು 50 ಪೈಸೆ ಉಳಿಸಿಕೊಳ್ಳುತ್ತದೆ. ಒಂದು ಕಟ್ಟಿನ ಪಾಲಿನ ಲೆಕ್ಕ ಒಂದು ಏರಿದರೆ ಸುಮಾರು ಆ 50 ಪೈಸೆಯಷ್ಟೇ ನಿನ್ನ ಕಡೆ ವಾಲುತ್ತದೆ. ಅಂದರೆ ನಿನಗೆ ಮೈ ಜುಮ್ ಅಂದ ಆ ಸುತ್ತಿನಲ್ಲಿ ನೀನು ಮುಂದೆ ಇರಲಿಲ್ಲ, ಸರಿಸಮ ಬಂದಿದ್ದೆ ಅಷ್ಟೇ. ಇಷ್ಟು ಸಣ್ಣ ಅಂತರವನ್ನು ಮನಸ್ಸು ಹೇಗೆ ಹಿಡಿಯಬೇಕು?

14 ಸಾವಿರವೂ ಸಾಕ್ಷಿಯಲ್ಲ. ಸಾವಿರ ರೂಪಾಯಿಯಂತೆ ತಾಸಿಗೆ 60 ಆಟ ಆಡಿದರೆ ಲೆಕ್ಕದ ಪ್ರಕಾರ ಹೋಗುವುದು 300. ಆದರೆ ಎಂಟೊಂಬತ್ತು ಸಾವಿರ ಮೇಲೆ ಕೆಳಗೆ ಆಗುವುದು ಮಾಮೂಲು. ನೀನು ಮೂರು ತಾಸು ಕೂತಿದ್ದೆ. ಹಾಗೆ 14 ಸಾವಿರ ಗೆದ್ದವರೂ ಸೋತವರೂ ದಿನಾ ಆ ಹಡಗಿನಿಂದ ಇಳಿಯುತ್ತಿರುತ್ತಾರೆ.

ಕಣ್ಣಂದಾಜಿಗೆ ಒಂದು ಜಾಗ ಇದೆ, ಅದನ್ನೂ ಹೇಳಬೇಕು. ಹೊರಗೆ ಬಿದ್ದ ಎಲೆಗಳ ಗುಡ್ಡೆ ನೋಡಿ ಎಷ್ಟು ಕಟ್ಟು ಹೋಯಿತು ಅಂತ ಹೇಳುವುದು. ಎಣಿಸುವವರೂ ಹೀಗೇ ಮಾಡುತ್ತಾರೆ. ಅದನ್ನು ಮನೆಯಲ್ಲಿ ಗುಡ್ಡೆ ಮಾಡಿ, ಎಣಿಸಿ, ಕಣ್ಣಿಗೆ ಕಲಿಸಬಹುದು. ಅದು ನನ್ನ ರಾಶಿಯ ಜಾತಿಯದು, ನಿನ್ನದು ಹಸಿಯ ಜಾತಿಯದು. 1960ರ ಸುಮಾರಿಗೆ ಎಲೆ ಎಣಿಸಿ ಗೆಲ್ಲಬಹುದು ಅಂತ ಲೆಕ್ಕ ಹಾಕಿ ತೋರಿಸಿದ ಎಡ್ವರ್ಡ್ ಥಾರ್ಪ್ ಎಂಬ ಗಣಿತದ ಮನುಷ್ಯನೂ ಐಬಿಎಂ ಕಂಪ್ಯೂಟರ್ ಹಿಡಿದು ಕೂತಿದ್ದ. ನಿನಗೆ ಹಂಗೇ ಗೊತ್ತಾಗುತ್ತದಂತೆ! ಇರಲಿ.

ಮತ್ತೆ ಹೋದರೆ ಎರಡು ನೋಡಿಕೋ. ಎಕ್ಕ-ಹತ್ತು, ಅಂದರೆ ಬ್ಲ್ಯಾಕ್‌ಜಾಕ್ ಬಿದ್ದಾಗ ಸಾವಿರಕ್ಕೆ 1,500 ಬದಲು 1,200 ಕೊಡುವ ಟೇಬಲ್ಲಿಗೆ ಕೂರಬೇಡ. ಆಡಿದ ಎಲೆಗಳನ್ನು ಮಷಿನ್ ಆಗಲೇ ಒಳಗೆ ಸೇರಿಸಿ ಕಲಸುವ ಕಡೆ ಎಣಿಕೆಯೂ ನಡೆಯುವುದಿಲ್ಲ, ಅಂದಾಜೂ ನಡೆಯುವುದಿಲ್ಲ. ಸೋತರೂ ಪರವಾಗಿಲ್ಲ ಅನ್ನುವಷ್ಟೇ ದುಡ್ಡು ಜೇಬಿನಲ್ಲಿರಲಿ, ಬೆಟ್ ಮೊದಲಿಂದ ಕೊನೆಯವರೆಗೆ ಒಂದೇ ಇರಲಿ.

ಅದಕ್ಕೂ ಮೊದಲು ಊರಿಗೆ ಬಾ. ಒಂದು ಕಟ್ಟು ಕಲಸಿ ಅರ್ಧ ಎಲೆ ಜೋರಾಗಿ ತಿರುವಿ ಹಾಕುತ್ತೇನೆ. ಉಳಿದರ್ಧದಲ್ಲಿ ದೊಡ್ಡವು ಜಾಸ್ತಿಯೋ ಸಣ್ಣವೋ, ಎಷ್ಟು ಜಾಸ್ತಿ ಅಂತ ನೀನು ಹೇಳು. ಬರೆದುಕೊಂಡು, ಬಿಚ್ಚಿ ಎಣಿಸೋಣ. ನಾನು ಒಬ್ಬನೇ 20 ಸಲ ಮಾಡಿ ನೋಡಿದೆ. 8 ಸಲ ದಿಕ್ಕೇ ಉಲ್ಟಾ. ಕಪಾಟಿನಲ್ಲಿ ನಿಮ್ಮಪ್ಪನ ಹಳೇ ಇಸ್ಪೀಟು ಇದೆ. ಅದರಲ್ಲಿ ಕಳಾವರ್ ಏಳು ಕಳೆದುಹೋಗಿದೆ. ಅಡ್ಡಿಯಿಲ್ಲ, ಏಳು ಹೇಗೂ ಸೊನ್ನೆ.

ನಿನ್ನ ಕಾಕಾ