16 ಪಂದ್ಯ, 1 ಗೆಲುವು: ಐಸ್‌ಲ್ಯಾಂಡಿನ ಹುಡುಗಿಯರ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನಿನ್ನ ಒಂದು ಸಾಲಿನ ಮೆಸೇಜಿಗೆ ಇಷ್ಟುದ್ದದ ಉತ್ತರ ಬರುತ್ತದೆಂದು ನೀನು ಎಣಿಸಿರಲಿಕ್ಕಿಲ್ಲ. "ದಾವಣಗೆರೆ ಊರಿನಷ್ಟೂ ಜನ ಇಲ್ಲದ ದೇಶದ ಹೆಣ್ಣುಮಕ್ಕಳು ಸತತ ಐದು ಸಲ ಯುರೋಪ್ ದೇಶಗಳ ಫುಟ್‌ಬಾಲ್ ಟೂರ್ನಿ ಯೂರೋ ಆಡುತ್ತಾರೆ ಅಂದರೆ ಪವಾಡ ಮಾರಾಯ" ಅಂತ ಬರೆದೆಯಲ್ಲ, ಲೆಕ್ಕವೇನೋ ಸರಿಯೇ. ಐಸ್‌ಲ್ಯಾಂಡಿನಲ್ಲಿ ಹೆಚ್ಚೆಂದರೆ 4 ಲಕ್ಷ ಜನ. ಆದರೆ ಪವಾಡ ಎಂದುಬಿಟ್ಟರೆ ಆ ಹುಡುಗಿಯರು ಪಟ್ಟ ಪಾಡೆಲ್ಲ ದೇವರ ಖಾತೆಗೆ ಹೋಗಿಬಿಡುತ್ತದೆ. ಅದಕ್ಕೇ ಜಗಳಕ್ಕೆ ಕೂತಿದ್ದೇನೆ.

ಹೊಗಳುವ ಮೊದಲು ಕಹಿ ಅಂಕಿಯನ್ನು ನಿನ್ನ ಮುಂದಿಡುತ್ತೇನೆ. 2009ರಲ್ಲಿ ಫಿನ್ಲೆಂಡ್, 2013ರಲ್ಲಿ ಸ್ವೀಡನ್, 2017ರಲ್ಲಿ ನೆದರ್ಲೆಂಡ್ಸ್, 2022ರಲ್ಲಿ ಇಂಗ್ಲೆಂಡ್, 2025ರಲ್ಲಿ ಸ್ವಿಟ್ಜರ್ಲೆಂಡ್. ಈ ಐದೂ ಯೂರೋಗಳ ಮುಖ್ಯ ಹಂತದಲ್ಲಿ ಅವರು ಆಡಿದ್ದು ಒಟ್ಟು 16 ಪಂದ್ಯ. ಗೆದ್ದದ್ದು 1, ಡ್ರಾ 4, ಸೋಲು 11. ವಿಶ್ವಕಪ್ ಅಂತೂ ಒಮ್ಮೆಯೂ ಆಡಿದ್ದಿಲ್ಲ. ಇಂಥ ತಂಡವನ್ನು ಯಾಕೆ ಇಷ್ಟು ಹಚ್ಚಿಕೊಂಡಿದ್ದೀಯ ಎಂದು ನೀನು ಕೇಳಬಹುದು. ನನ್ನ ಉತ್ತರ ಇಷ್ಟೇ: ಅವರ ಗೆಲುವೆಲ್ಲ ಟೂರ್ನಿಗೆ ಮೊದಲೇ, ಅರ್ಹತಾ ಸುತ್ತಿನಲ್ಲೇ ಇದೆ. ನಾವು ಟಿವಿ ಹಾಕುವ ಹೊತ್ತಿಗೆ ಅವರ ದೊಡ್ಡ ಕೆಲಸ ಮುಗಿದಿರುತ್ತದೆ.

2008ರ ಅಕ್ಟೋಬರ್ ನೆನಪಿದೆಯಾ? ಅಮೆರಿಕದ ಬ್ಯಾಂಕು ಬಿತ್ತು, ಬೆಂಗಳೂರಲ್ಲಿ ಯಾರ ಕೆಲಸ ಹೋಗುತ್ತೋ ಎಂದು ಎಲ್ಲರೂ ಹೆದರಿದ್ದ ಕಾಲ. ಐಸ್‌ಲ್ಯಾಂಡಿನಲ್ಲಿ ಆ ತಿಂಗಳ ಮೊದಲ ಹತ್ತು ದಿನಗಳೊಳಗೆ ದೇಶದ ಮೂರೂ ದೊಡ್ಡ ಬ್ಯಾಂಕುಗಳು ನೆಲ ಕಚ್ಚಿದ್ದವು. ಅದೇ ತಿಂಗಳ 30ನೇ ತಾರೀಕು ರಾಜಧಾನಿ ರೇಕ್ಯಾವಿಕ್‌ನಲ್ಲಿ ಮಹಿಳಾ ತಂಡಕ್ಕೆ ಐರ್ಲೆಂಡ್ ವಿರುದ್ಧ ಯೂರೋ ಪ್ಲೇ-ಆಫ್‌ನ, ಅಂದರೆ ಅರ್ಹತೆಯ ಕೊನೆಯ ಹಣಾಹಣಿಯ, ಎರಡನೇ ಪಂದ್ಯ. ಡಬ್ಲಿನ್‌ನಲ್ಲಿ ನಡೆದ ಮೊದಲನೆಯದು 1-1. ಮೈದಾನ ಹೆಪ್ಪುಗಟ್ಟಿ ಗಾಜಿನಂತಾಗಿತ್ತು. ಐರಿಷ್ ಆಟಗಾರ್ತಿಯರು ಕಾಲು ನಿಲ್ಲುವುದೇ ಇಲ್ಲವೆಂದು ಗೊಣಗಿದರು. ಅವರದ್ದು ತಪ್ಪೆಂದು ನಾನೂ ಹೇಳಲಾರೆ, ಅಂಥ ನೆಲದಲ್ಲಿ ಪಂದ್ಯ ಆಡಿಸಿದ್ದು ಇವತ್ತಿಗೂ ಚರ್ಚೆಯ ವಿಷಯವೇ. ಆದರೆ ಜಾರುವುದು ಎರಡೂ ಕಡೆಯವರಿಗೆ ಒಂದೇ ತಾನೆ? ಐಸ್‌ಲ್ಯಾಂಡ್ 3-0ಯಿಂದ ಗೆದ್ದಿತು. ಆ ದೇಶದ ಸೀನಿಯರ್ ಫುಟ್‌ಬಾಲ್ ತಂಡವೊಂದು, ಗಂಡಸರದ್ದೂ ಸೇರಿ, ದೊಡ್ಡ ಟೂರ್ನಿಯೊಂದರ ಮುಖ್ಯ ಹಂತ ತಲುಪಿದ್ದು ಅದೇ ಮೊದಲು.

ಗಂಡಸರದ್ದೂ ಸೇರಿ ಎಂಬುದನ್ನು ಇನ್ನೊಮ್ಮೆ ಓದು. 2016ರಲ್ಲಿ ಗಂಡಸರ ತಂಡ ಇಂಗ್ಲೆಂಡನ್ನು ಸೋಲಿಸಿದಾಗ ಅಭಿಮಾನಿಗಳು ಎರಡೂ ಕೈ ಎತ್ತಿ "ಹೂ" ಎಂದು ಚಪ್ಪಾಳೆ ತಟ್ಟಿದ ಆ ವಿಡಿಯೊ ನೋಡಿಯೇ ನೀನೂ ನಾನೂ ಈ ದೇಶದ ಫುಟ್‌ಬಾಲ್ ಬಗ್ಗೆ ಮೊದಲು ಕೇಳಿದ್ದು. ಅದಕ್ಕೆ 7 ವರ್ಷ ಮೊದಲೇ ಹೆಂಗಸರು ಹೋಗಿ ಆಡಿ ಬಂದಿದ್ದರು. ಆಗ ಯಾರೂ ಚಪ್ಪಾಳೆಯ ವಿಡಿಯೊ ಮಾಡಿರಲಿಲ್ಲ, ಅಷ್ಟೇ.

ಈಗ ನಿನ್ನ ಕಸುಬಿನ ವಿಷಯ. ನೀನು ಪಿಟಿ ಮೇಷ್ಟ್ರು. ಜೂನ್‌ನಲ್ಲಿ ಶಾಲೆ ಶುರುವಾಗುತ್ತಿದ್ದಂತೆ ನಿಮ್ಮ ಮಲೆನಾಡಿನ ಮಳೆಗೆ ಮೈದಾನ ಕೆಸರುಗದ್ದೆಯಾಗುತ್ತದೆ, ಮಕ್ಕಳನ್ನು ಜಗಲಿಯಲ್ಲಿ ಕೂರಿಸಿ ಕೇರಂ ಆಡಿಸುತ್ತೀಯ. ಐಸ್‌ಲ್ಯಾಂಡಿನವರಿಗೆ ಆ ಗೋಳು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು. ಡಿಸೆಂಬರ್‌ನಲ್ಲಿ ಹಗಲು ಎಂಬುದು ನಾಲ್ಕೇ ತಾಸು. ಗಾಳಿ ಬೀಸಿದರೆ ಚೆಂಡು ಒದ್ದವಳ ಕಡೆಗೇ ವಾಪಸು ಬರುತ್ತದೆ. ಅವರು ಮಾಡಿದ್ದು ಏನೆಂದರೆ, ಪೂರ್ತಿ ಅಳತೆಯ ಮೈದಾನಕ್ಕೇ ಸೂರು ಹಾಕಿದ್ದು. ಮೊದಲನೆಯದು ವಿಮಾನ ನಿಲ್ದಾಣದ ಪಕ್ಕದ ಕೆಪ್ಲಾವಿಕ್ ಊರಿನಲ್ಲಿ 2000ದಲ್ಲಿ ತೆರೆಯಿತು. ಆಮೇಲೆ ಬೇರೆ ಊರುಗಳಲ್ಲೂ ಎದ್ದವು. ಶಾಲೆಗಳ ಪಕ್ಕದಲ್ಲಿ ಕೃತಕ ಹುಲ್ಲಿನ ಪುಟ್ಟ ಅಂಗಳಗಳನ್ನೂ ದೇಶದ ತುಂಬಾ ಹಾಸಿದರು. ಇದರಲ್ಲೂ ಸೂರು, ಹುಲ್ಲುಗಿಂತ ಮುಖ್ಯವಾದದ್ದು ಇನ್ನೊಂದಿದೆ: ಕಲಿಸುವವರು. ಅಲ್ಲಿ 6-7 ವರ್ಷದ ಮಗುವಿಗೆ ಚೆಂಡು ಒದೆಯಲು ಹೇಳಿಕೊಡುವವರೂ ಸಂಬಳ ತೆಗೆದುಕೊಳ್ಳುವ, ತರಬೇತಿಯ ಪರೀಕ್ಷೆ ಪಾಸಾದ ಕೋಚ್‌ಗಳು. ಯುರೋಪಿನ ಫುಟ್‌ಬಾಲ್ ಸಂಸ್ಥೆ ಕೋಚ್‌ಗಳಿಗೆ ಕೊಡುವ ಬಿ ಲೈಸೆನ್ಸ್, ಎ ಲೈಸೆನ್ಸ್ ಇರುವವರು ಊರೂರಲ್ಲಿ ಸಿಗುತ್ತಾರೆ. ಮಗುವನ್ನು ಕ್ಲಬ್ಬಿಗೆ ಸೇರಿಸಲು ಪುರಸಭೆಯೇ ಒಂದಿಷ್ಟು ಹಣ ಕೊಡುತ್ತದೆ.

ನನಗೆ ಹೆಚ್ಚು ಹಿಡಿಸಿದ್ದು ಮತ್ತೊಂದು ಸಂಗತಿ. ಹುಡುಗಿಯರಿಗೆಂದು ಊರಾಚೆ ಬೇರೆ ಕ್ಲಬ್ ಇಲ್ಲ. ಅಣ್ಣ ಹೋಗುವ ಕ್ಲಬ್ಬಿಗೇ ತಂಗಿಯೂ ಹೋಗುತ್ತಾಳೆ. ಅದೇ ಸೂರು, ಅದೇ ಬಣ್ಣದ ಅಂಗಿ. ಹಾಗೆಂದು ಅಲ್ಲಿ ಎಲ್ಲವೂ ಸರಿಸಮ ಎಂದು ನಂಬಬೇಡ. ದೇಶದೊಳಗಿನ ಲೀಗ್ ಆಡುವ ಹುಡುಗಿಯರಲ್ಲಿ ಎಷ್ಟೋ ಜನ ಹಗಲು ಓದಿಯೋ ದುಡಿದೋ ಸಂಜೆ ಅಭ್ಯಾಸಕ್ಕೆ ಬರುವವರು. ಆಟದಿಂದಲೇ ಬದುಕಬೇಕಾದರೆ ಜರ್ಮನಿಗೋ ಸ್ವೀಡನ್ನಿಗೋ ಇಂಗ್ಲೆಂಡಿಗೋ ಹೋಗಬೇಕು. ದಾಗ್ನಿ ಬ್ರಿನ್ಯಾರ್ಸ್‌ದೋಟಿರ್ ಎಂಬವಳು ಫ್ಲೋರಿಡಾದ ವಿಶ್ವವಿದ್ಯಾಲಯದಲ್ಲಿ ಆಡುತ್ತಲೇ ಓದಿದಳು. (ಎಲ್ಲರ ಹೆಸರೂ ದೋಟಿರ್ ಎಂದು ಮುಗಿಯುತ್ತದೆಂದು ಗಾಬರಿಯಾಗಬೇಡ. ಅದು ಅಪ್ಪನ ಹೆಸರಿಗೆ ಅಂಟಿದ ಬಾಲ. ಅಲ್ಲಿ ಪ್ರಧಾನಿಯನ್ನೂ ಮೊದಲ ಹೆಸರಿನಿಂದಲೇ ಕರೆಯುತ್ತಾರೆ. ನಾನೂ ಹಾಗೇ ಮಾಡುತ್ತೇನೆ.)

ಆ ಒಂದೇ ಒಂದು ಗೆಲುವು ಇದೇ ದಾಗ್ನಿಯದ್ದು. 2013ರಲ್ಲಿ ನಾರ್ವೆ ವಿರುದ್ಧ ಮಾರ್ಗ್ರೆತ್ ಲಾರಾ ಕೊನೆಯ ನಿಮಿಷಗಳಲ್ಲಿ ಪೆನಾಲ್ಟಿ ಹೊಡೆದು 1-1 ಮಾಡಿದಳು, ಜರ್ಮನಿ ಎದುರು 0-3 ಸೋಲು, ಮೂರನೆಯದರಲ್ಲಿ ದಾಗ್ನಿಯ ಗೋಲಿನಿಂದ ನೆದರ್ಲೆಂಡ್ಸ್ ವಿರುದ್ಧ 1-0. ಕ್ವಾರ್ಟರ್ ಫೈನಲ್ ತಲುಪಿ ಅಲ್ಲಿ ಸ್ವೀಡನ್ನಿಗೆ 0-4ರಿಂದ ಸೋತರು. ನಾಲ್ಕೇ ವರ್ಷದಲ್ಲಿ ಆ ನೆದರ್ಲೆಂಡ್ಸ್ ಯುರೋಪಿನ ಚಾಂಪಿಯನ್ ಆಯಿತು, ನೋಡು. ಮಾರ್ಗ್ರೆತ್ ಲಾರಾ 124 ಪಂದ್ಯಗಳಲ್ಲಿ 79 ಗೋಲು ಹೊಡೆದು ನಿವೃತ್ತಳಾದಳು.

ಆಮೇಲಿನ ವರ್ಷಗಳ ಕಥೆಯನ್ನು ಹೃದಯ ಗಟ್ಟಿ ಮಾಡಿಕೊಂಡು ಓದು. 2017ರ ಯೂರೋದಲ್ಲಿ ಮೂರಕ್ಕೆ ಮೂರೂ ಸೋಲು. ಮೂರೇ ತಿಂಗಳಲ್ಲಿ, ಅಕ್ಟೋಬರ್‌ನಲ್ಲಿ, ಜರ್ಮನಿಯ ನೆಲಕ್ಕೇ ಹೋಗಿ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಜರ್ಮನಿಯನ್ನು 3-2ರಿಂದ ಬಡಿದರು. ದಾಗ್ನಿ ಎರಡು ಗೋಲು. ವಿಶ್ವಕಪ್ಪಿನ ಅರ್ಹತಾ ಸುತ್ತಿನಲ್ಲಿ ಜರ್ಮನಿ ಸೋತು ಎಷ್ಟೋ ವರ್ಷಗಳೇ ಆಗಿದ್ದವು. 2018ರ ಸೆಪ್ಟೆಂಬರ್‌ನಲ್ಲಿ ಮರುಪಂದ್ಯಕ್ಕೆ ರೇಕ್ಯಾವಿಕ್‌ನ ರಾಷ್ಟ್ರೀಯ ಕ್ರೀಡಾಂಗಣ ಪೂರ್ತಿ ತುಂಬಿತ್ತು. ಸೋತರು. ಮೂರು ದಿನ ಬಿಟ್ಟು ಚೆಕ್ ಗಣರಾಜ್ಯದ ವಿರುದ್ಧ ಗೆದ್ದಿದ್ದರೆ ಪ್ಲೇ-ಆಫ್ ಸಿಗುತ್ತಿತ್ತು. 1-1 ಇದ್ದಾಗ ಕೊನೆಗಳಿಗೆಯಲ್ಲಿ ಪೆನಾಲ್ಟಿ. ನಾಯಕಿ ಸಾರಾ ಬ್ಯೋರ್ಕ್ ಒದ್ದಳು, ಗೋಲಾಗಲಿಲ್ಲ.

2022 ಇನ್ನೂ ಕ್ರೂರ. ಇಂಗ್ಲೆಂಡಿನ ಯೂರೋದಲ್ಲಿ ಮೊದಲೆರಡು ಪಂದ್ಯಗಳಿಗೆ ಅವರಿಗೆ ಕೊಟ್ಟದ್ದು ಮ್ಯಾಂಚೆಸ್ಟರ್ ಸಿಟಿಯ ಅಕಾಡೆಮಿ ಮೈದಾನ. 5 ಸಾವಿರ ಜನರಿಗೂ ಜಾಗವಿಲ್ಲ. ಇದು ಅವಮಾನ ಎಂದು ಸಾರಾ ಮುಖಕ್ಕೆ ಹೊಡೆದಂತೆ ಹೇಳಿದಳು. ಬೆಲ್ಜಿಯಂ ಜೊತೆ 1-1, ಇಟಲಿ ಜೊತೆ 1-1. ಮೂರನೆಯದರಲ್ಲಿ ಫ್ರಾನ್ಸ್ ಮೊದಲ ನಿಮಿಷದಲ್ಲೇ ಗೋಲು ಹೊಡೆಯಿತು. ಇಂಜುರಿ ಟೈಮ್‌ನ 12ನೇ ನಿಮಿಷದಲ್ಲಿ ದಾಗ್ನಿ ಪೆನಾಲ್ಟಿಯಿಂದ ಸಮ ಮಾಡಿದಳು. ಒಂದೂ ಸೋಲಿಲ್ಲದೆ ಮನೆಗೆ. ಎರಡು ತಿಂಗಳಿಗೆ, ಸೆಪ್ಟೆಂಬರ್ 6ಕ್ಕೆ, ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಬರೀ ಡ್ರಾ ಮಾಡಿಕೊಂಡರೆ ಸಾಕಿತ್ತು, ನೇರ ವಿಶ್ವಕಪ್. ಗೋಲ್‌ಕೀಪರ್ ಸಾಂದ್ರಾ ಗೋಡೆಯಂತೆ ನಿಂತಿದ್ದಳು. 93ನೇ ನಿಮಿಷದಲ್ಲಿ ಎಸ್ಮೆ ಬ್ರೂಖ್ಸ್ ಎಂಬ ಹದಿಹರೆಯದ ಹುಡುಗಿ ಗೋಲು ಹೊಡೆದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಕ್ಟೋಬರ್‌ನಲ್ಲಿ ಪೋರ್ಚುಗಲ್ ವಿರುದ್ಧ ಪ್ಲೇ-ಆಫ್: ಪೆನಾಲ್ಟಿ, ಕೆಂಪು ಕಾರ್ಡ್, ಹತ್ತು ಜನರಲ್ಲೇ ಸಮಬಲ, ಹೆಚ್ಚುವರಿ ಸಮಯದಲ್ಲಿ ಕುಸಿದು 1-4. ಒಂದೇ ಋತುವಿನಲ್ಲಿ ಒಂದು ತಂಡ ಇನ್ನೆಷ್ಟು ಸಹಿಸಬೇಕು ಹೇಳು.

ಸಾರಾಳ ಬಗ್ಗೆ ಬರೆಯದಿದ್ದರೆ ಈ ಪತ್ರ ಬರೆದೂ ದಂಡ. 2020ರಲ್ಲಿ ಫ್ರಾನ್ಸಿನ ಲಿಯೋ ಕ್ಲಬ್ಬಿಗೆ ಆಡುತ್ತಾ ಯುರೋಪಿನ ಕ್ಲಬ್‌ಗಳ ಟೂರ್ನಿ ಚಾಂಪಿಯನ್ಸ್ ಲೀಗ್‌ನ ಫೈನಲ್‌ನಲ್ಲಿ ಗೋಲು ಹೊಡೆದವಳು. ಮರುವರ್ಷ ಗರ್ಭಿಣಿಯಾಗಿ ಊರಿಗೆ ಬಂದಳು. ಸಂಬಳ ಸರಿಯಾಗಿ ಬರುವುದು ನಿಂತಿತು. ಅದೇ ವರ್ಷದ ಆರಂಭದಲ್ಲಷ್ಟೇ ಫಿಫಾ ಹೆರಿಗೆ ರಜೆಯ ನಿಯಮ ತಂದಿತ್ತು. ಕಾಗದದ ಮೇಲಿನ ನಿಯಮ. ಅದನ್ನು ಹಿಡಿದು ಬಾಗಿಲು ತಟ್ಟುವವಳೊಬ್ಬಳು ಬೇಕಿತ್ತು. ಆಟಗಾರರ ಅಂತರರಾಷ್ಟ್ರೀಯ ಸಂಘದ ನೆರವಿನಿಂದ ಸಾರಾ ಫಿಫಾದ ನ್ಯಾಯಮಂಡಳಿಗೆ ಹೋದಳು. 2022ರ ಮೇ ತಿಂಗಳಲ್ಲಿ ತೀರ್ಪು ಬಂತು: ಬಾಕಿ 82 ಸಾವಿರ ಯೂರೋಗೂ ಹೆಚ್ಚು ಹಣವನ್ನು ಬಡ್ಡಿ ಸಮೇತ ಕೊಡಬೇಕು. ಯುರೋಪಿನ ಅತಿ ದೊಡ್ಡ ಮಹಿಳಾ ತಂಡದ ಎದುರು, ಕೈಗೂಸು ಕಟ್ಟಿಕೊಂಡು. ಆ ಬೇಸಿಗೆಯ ಯೂರೋಗೆ ಅವಳೇ ನಾಯಕಿ. 2023ರ ಜನವರಿಯಲ್ಲಿ, 145 ಪಂದ್ಯಗಳ ಬಳಿಕ, ರಾಷ್ಟ್ರೀಯ ತಂಡದಿಂದ ನಿವೃತ್ತಳಾದಳು; ಅದೇ ತಿಂಗಳು ಇದನ್ನೆಲ್ಲ ತಾನೇ ಬರೆದು ಲೋಕಕ್ಕೆ ತಿಳಿಸಿದಳು. ಇವತ್ತು ಎಲ್ಲೋ ಒಬ್ಬ ಆಟಗಾರ್ತಿ ಬಸುರಿಯಾದರೆ ಅವಳ ಕ್ಲಬ್ ಆ ತೀರ್ಪನ್ನು ಒಮ್ಮೆ ತಿರುವಿ ನೋಡಲೇಬೇಕು. ನನ್ನ ಪ್ರಕಾರ ಐಸ್‌ಲ್ಯಾಂಡ್ ಫುಟ್‌ಬಾಲ್ ಲೋಕಕ್ಕೆ ಕೊಟ್ಟದ್ದರಲ್ಲಿ ಇದೇ ದೊಡ್ಡದು; ಇಂಗ್ಲೆಂಡ್ ವಿರುದ್ಧದ ಗಂಡಸರ ಗೆಲುವಿಗಿಂತಲೂ.

ಐಸ್‌ಲ್ಯಾಂಡಿನ ಫುಟ್‌ಬಾಲ್ ಸಂಸ್ಥೆಯ ಹುಳುಕನ್ನೂ ಹೇಳಿಬಿಡುತ್ತೇನೆ. 2021ರಲ್ಲಿ ಪುರುಷರ ತಂಡದ ಆಟಗಾರರ ವಿರುದ್ಧ ಬಂದ ಲೈಂಗಿಕ ದೌರ್ಜನ್ಯದ ದೂರುಗಳನ್ನು ಸಂಸ್ಥೆ ನಡೆಸಿಕೊಂಡ ರೀತಿಗೆ ದೇಶವೇ ಸಿಡಿದು, ಅಧ್ಯಕ್ಷರೂ ಆಡಳಿತ ಮಂಡಳಿಯೂ ಕೆಳಗಿಳಿಯಬೇಕಾಯಿತು. ಆ ಕುರ್ಚಿಗೆ ಬಂದವರು ವಾಂದಾ ಸಿಗುರ್ಗೇರ್ಸ್‌ದೋಟಿರ್, ಒಂದು ಕಾಲದಲ್ಲಿ ಇದೇ ಮಹಿಳಾ ತಂಡದ ನಾಯಕಿಯೂ ಕೋಚೂ ಆಗಿದ್ದವರು.

ಈಗಿನ ನಾಯಕಿ ಗ್ಲೋದಿಸ್ ಪೆರ್ಲಾ, ಡಿಫೆಂಡರ್. ಜರ್ಮನಿಯ ಬೇಯರ್ನ್ ಮ್ಯೂನಿಕ್ ಕ್ಲಬ್ಬಿಗೂ ನಾಯಕಿ. 2024ರ ಜುಲೈ 12ರಂದು ಇವಳ ಪಡೆ ರೇಕ್ಯಾವಿಕ್‌ನಲ್ಲಿ ಜರ್ಮನಿಯನ್ನು 3-0ಯಿಂದ ಮಣಿಸಿ ಯೂರೋಗೆ ಅರ್ಹತೆ ಪಡೆಯಿತು. ಆ ವರ್ಷ ದೇಶದ ಅತ್ಯುತ್ತಮ ಕ್ರೀಡಾಪಟು ಅವಳೇ. ಆ ಆಟ ನೋಡಿದವರೆಲ್ಲ ಈ ಸಲ ಇವರು ಗುಂಪು ದಾಟುತ್ತಾರೆ ಎಂದುಕೊಂಡೆವು. 2025ರ ಸ್ವಿಟ್ಜರ್ಲೆಂಡ್‌ನಲ್ಲಿ ಆದದ್ದೇನು? ಮೊದಲ ಪಂದ್ಯಕ್ಕೇ ಗ್ಲೋದಿಸ್‌ಗೆ ಹೊಟ್ಟೆ ಕೆಟ್ಟು ಅರ್ಧಕ್ಕೆ ಹೊರಬಂದಳು, ಇನ್ನೊಬ್ಬಳಿಗೆ ಕೆಂಪು ಕಾರ್ಡ್, ಫಿನ್ಲೆಂಡಿಗೆ 0-1. ಆತಿಥೇಯರಿಗೆ 0-2. ಕಥೆ ಮುಗಿದ ಮೇಲೆ ನಾರ್ವೆ ಜೊತೆ 3-4. ಆ ಕೊನೆಯ ಪಂದ್ಯದ ಆಟವನ್ನೇ ಮೊದಲಿನದರಲ್ಲಿ ಆಡಿದ್ದರೆ ಎಂದು ಹೊಟ್ಟೆ ಉರಿಯಿತು. ಗೆಲ್ಲಬೇಕಾದ ಪಂದ್ಯದಲ್ಲಿ ಈ ತಂಡದ ಕಾಲು ಕಟ್ಟಿಹೋಗುತ್ತದೆ; ಇದನ್ನು ದುರದೃಷ್ಟದ ತಲೆಗೆ ಕಟ್ಟುವುದಕ್ಕೆ ನಾನು ತಯಾರಿಲ್ಲ. ಎದುರಾಳಿ ಹಿಂದೆ ಸರಿದು ಕೂತಾಗ ಬಾಗಿಲು ತೆರೆಯಲು ಮಿಡ್‌ಫೀಲ್ಡ್‌ನಲ್ಲಿ ಕರೋಲಿನಾ ಲಿಯಾ ಬಿಟ್ಟರೆ ಹೆಚ್ಚು ಜನರಿಲ್ಲ.

2027ರ ವಿಶ್ವಕಪ್ ಬ್ರೆಜಿಲ್‌ನಲ್ಲಿ. ಅರ್ಹತಾ ಗುಂಪಿನಲ್ಲಿ ಇವರಿಗೆ ಸಿಕ್ಕವರು ಯಾರು ಗೊತ್ತೇ? ವಿಶ್ವ ಚಾಂಪಿಯನ್ ಸ್ಪೇನ್, ಯುರೋಪ್ ಚಾಂಪಿಯನ್ ಇಂಗ್ಲೆಂಡ್, ಜೊತೆಗೆ ಉಕ್ರೇನ್.

ಅವರ ಯಾವುದಾದರೂ ಪಂದ್ಯ ಸಿಕ್ಕರೆ ಸ್ವೇಂದಿಸ್ ಜೇನ್ ಎಂಬ ಹುಡುಗಿಯನ್ನು ಗಮನಿಸು. ಆ ಕೆಪ್ಲಾವಿಕ್‌ನವಳೇ, ತಾಯಿ ಘಾನಾದವರು. 2024ರ ಡಿಸೆಂಬರ್‌ನಲ್ಲಿ ಜರ್ಮನಿಯ ವುಲ್ಫ್ಸ್‌ಬರ್ಗ್ ಕ್ಲಬ್ ಪರ ಬದಲಿ ಆಟಗಾರ್ತಿಯಾಗಿ ಇಳಿದು ಇಟಲಿಯ ರೋಮಾ ವಿರುದ್ಧ ನಾಲ್ಕು ಗೋಲು ಹೊಡೆದಳು. ಆದರೆ ನೀನು ನೋಡಬೇಕಾದ್ದು ಅವಳ ಥ್ರೋ-ಇನ್. ಗೆರೆಯಾಚೆಯಿಂದ ಎಸೆದರೆ ಚೆಂಡು ಕಾರ್ನರ್ ಕಿಕ್‌ನಂತೆ ಗೋಲಿನ ಬಾಯಿಗೇ ಬಂದು ಬೀಳುತ್ತದೆ. ಸೊಂಟ ಎಷ್ಟು ಬಾಗುತ್ತದೆ, ಎಷ್ಟು ಹೆಜ್ಜೆ ಓಡಿ ಬರುತ್ತಾಳೆ, ಹಿಂದಿನ ಕಾಲು ಎಲ್ಲಿರುತ್ತದೆ ಎಂದು ನಿಧಾನಕ್ಕೆ ಓಡಿಸಿ ನೋಡು. ನಿನ್ನ ಒಂಬತ್ತನೇ ಕ್ಲಾಸಿನಲ್ಲಿ ತ್ರೋಬಾಲ್ ಆಡುವ ಗಟ್ಟಿ ಭುಜದ ಹುಡುಗಿಯೊಬ್ಬಳಿದ್ದಾಳೆ ಅಂದಿದ್ದೆಯಲ್ಲ, ಅವಳಿಗೆ ಇದನ್ನು ಕಲಿಸಲು ಆದೀತಾ ಎಂದು ಬರೆ.

ಇಂತಿ ನಿನ್ನ,
ಹಳೇ ಬೆಂಚಿನ ಗೆಳೆಯ