ಮಗಳಿಗೊಂದು ಪತ್ರ: ಜಾಂಬೆಜಿ ನದಿಯ ನ್ಯಾಮಿನ್ಯಾಮಿ

ಪ್ರೀತಿಯ ಮಗಳೇ,

ಆಫ್ರಿಕಾದ ಜಾನಪದದಲ್ಲಿ ಬರುವ ವಿಚಿತ್ರ ಜೀವಿಗಳ ಕುರಿತು ನೀನು ಕಾಲೇಜಿಗಾಗಿ ಬರೆಯುತ್ತಿರುವ ಪ್ರಬಂಧದ ಕರಡನ್ನು ಓದಿದೆ. ಅದರಲ್ಲಿ ನ್ಯಾಮಿನ್ಯಾಮಿಗೆ "ಹಾವಿನ ಮೈ, ಮೀನಿನ ತಲೆಯ ನದಿರಾಕ್ಷಸ" ಎಂಬ ಒಂದೇ ಸಾಲು ಸಿಕ್ಕಿದೆ. ಅದು ನನಗೆ ಸರಿಕಾಣಲಿಲ್ಲ. ಜಾಂಬೆಜಿ ಕಣಿವೆಯ ಟೊಂಗಾ ಜನ ಅದನ್ನು ಹೊಳೆ ಕಾಯುವ ದೈವವೆಂದು ನಂಬುತ್ತಾರೆ. ಬರಗಾಲದಲ್ಲಿ ತನ್ನ ಮೈಯ ಮಾಂಸವನ್ನೇ ಕೊಯ್ದುಕೊಳ್ಳಲು ಬಿಟ್ಟು ಅವರ ಜೀವ ಉಳಿಸಿತೆಂಬ ಕಥೆಯಿರುವಾಗ ಅದನ್ನು ರಾಕ್ಷಸರ ಸಾಲಿಗೆ ಸೇರಿಸುವುದು ಅನ್ಯಾಯ.

ಇಂದು ನಾವು ಕೇಳುವ ಕಥೆಯ ಬಹುಭಾಗ ಕರಿಬಾ ಅಣೆಕಟ್ಟಿಗೆ ಸಂಬಂಧಿಸಿದ್ದು. ಈಗಿನ ಜಾಂಬಿಯಾ ಮತ್ತು ಜಿಂಬಾಬ್ವೆಗಳ ಗಡಿಯಲ್ಲಿರುವ ಕಮರಿಗೆ ಅಡ್ಡಲಾಗಿ ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ, 1955ರಿಂದ 1959ರ ನಡುವೆ, 128 ಮೀಟರ್ ಎತ್ತರದ ಗೋಡೆ ಎದ್ದಿತು. ವಿದ್ಯುತ್ತು ತಾಮ್ರದ ಗಣಿಗಳಿಗೂ ಪಟ್ಟಣಗಳಿಗೂ ಹೋಯಿತು. ನೀರಿನಡಿ ಹೋದದ್ದು ಮಾತ್ರ ಟೊಂಗಾ ಜನರ ನೆಲ. ನೆರೆ ಇಳಿದ ಮೇಲೆ ಉಳಿಯುವ ತೇವದಲ್ಲೇ ಬೆಳೆ ತೆಗೆಯುತ್ತಿದ್ದ ದಡದ ಹೊಲಗಳು, ಪೂರ್ವಜರ ಸಮಾಧಿಗಳು, ಮಳೆಗಾಗಿ ಪ್ರಾರ್ಥಿಸುತ್ತಿದ್ದ 'ಮಲೆಂಡೆ' ಎಂಬ ಪವಿತ್ರ ಸ್ಥಳಗಳು ಮುಳುಗಿದವು, ಸುಮಾರು 57,000 ಜನ ಊರು ಬಿಡಬೇಕಾಯಿತು. ನ್ಯಾಮಿನ್ಯಾಮಿ ಈ ಗೋಡೆಯನ್ನು ನಿಲ್ಲಗೊಡುವುದಿಲ್ಲವೆಂದು ಹಿರಿಯರು ಹೇಳುತ್ತಿದ್ದರು. 1957ರಲ್ಲಿ ಭಾರಿ ನೆರೆ ಬಂದಿತು. 1958ರಲ್ಲಿ ಅದಕ್ಕಿಂತಲೂ ದೊಡ್ಡದು ಬಂದು, ಎಂಜಿನಿಯರುಗಳು ಊಹಿಸದಿದ್ದ ಮಟ್ಟಕ್ಕೇರಿ, ಸೇತುವೆಯನ್ನೇ ಕೊಚ್ಚಿಕೊಂಡು ಹೋಯಿತು. ಕಾಮಗಾರಿ ಮುಗಿಯುವಷ್ಟರಲ್ಲಿ 86 ಕಾರ್ಮಿಕರು ಪ್ರಾಣ ಕಳೆದುಕೊಂಡಿದ್ದರು.

ನೆರೆಯ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಗೋಲಿಬಾರಿನದನ್ನು ಹೇಳುವವರು ಕಡಿಮೆ. 1958ರ ಸೆಪ್ಟೆಂಬರಿನಲ್ಲಿ, ಉತ್ತರ ದಡದ ಗ್ವೆಂಬೆ ಕಣಿವೆಯಲ್ಲಿ, ಮುಖ್ಯಸ್ಥ ಚಿಪೆಪೊ ಅವರ ಜನ ಊರು ಬಿಡಲು ಒಪ್ಪದೆ ಎದುರು ನಿಂತಾಗ ಪೊಲೀಸರು ಗುಂಡು ಹಾರಿಸಿದರು; ಎಂಟು ಮಂದಿ ಸತ್ತರು. ಅದೇ ಕಾಲದಲ್ಲಿ ಏರುವ ನೀರಿನಿಂದ ಕಾಡುಪ್ರಾಣಿಗಳನ್ನು ರಕ್ಷಿಸಿದ 'ಆಪರೇಷನ್ ನೋವಾ' ಜಗತ್ತಿನ ಗಮನ ಸೆಳೆಯಿತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದಾಗ ನನ್ನ ಮನಸ್ಸಿಗೆ ತುಂಬ ನೋವಾಗುತ್ತದೆ.

ಗೋಡೆ ನ್ಯಾಮಿನ್ಯಾಮಿಯನ್ನು ಅದರ ಹೆಂಡತಿಯಿಂದ ಅಗಲಿಸಿದೆ, ಅದು ಆಕೆಯನ್ನು ಸೇರಲು ಒದ್ದಾಡಿದಾಗಲೆಲ್ಲ ಭೂಮಿ ನಡುಗುತ್ತದೆ ಎಂಬ ನಂಬಿಕೆ ಇಂದಿಗೂ ಇದೆ. ಜಲಾಶಯ ತುಂಬಿದ 1963ರಲ್ಲಿ ಅಲ್ಲಿ ದೊಡ್ಡ ಭೂಕಂಪವೇ ಆಯಿತು. ಅಷ್ಟೊಂದು ನೀರಿನ ಭಾರ ಕೆಳಗಿನ ಬಂಡೆಗಳ ಮೇಲೆ ಬಿದ್ದುದೇ ಕಾರಣವೆಂದು ಭೂವಿಜ್ಞಾನಿಗಳು ವಿವರಿಸುತ್ತಾರೆ. ಎರಡನ್ನೂ ಬರೆ, ಆದರೆ ವಿಜ್ಞಾನದ ಮಾತನ್ನು ನಂಬಿಕೆಯನ್ನು ಹಳಿಯಲು ಬಳಸಬೇಡ.

ಕರಿಬಾದಲ್ಲಿ ಪ್ರವಾಸಿಗರಿಗೆ ಮಾರುವ ಊರುಗೋಲಿನ ಚಿತ್ರವನ್ನು ನೀನು ಆರಿಸಿರುವುದು ಒಳ್ಳೆಯದೇ ಆಯಿತು. ಕೋಲಿಗೆ ಸುತ್ತಿಕೊಂಡ ಹಾವಿನ ಮೈ, ತುದಿಯಲ್ಲಿ ಮೀನಿನ ತಲೆ, ನಡುವೆ ಬೆಸುಗೆಯಿಲ್ಲದೆ ಒಂದೇ ಮರದಲ್ಲಿ ಕೊರೆದ ಬಳೆಗಳು: ಆ ಕೈಚಳಕದ ಬಗ್ಗೆ ಎರಡು ಸಾಲು ಸೇರಿಸು. ಚಿತ್ರದ ಕೆಳಗೆ ಟೊಂಗಾ ಜನರ ಹೆಸರು ಇರಲಿ, ಗ್ವೆಂಬೆಯಲ್ಲಿ ಸತ್ತ ಆ ಎಂಟು ಜನರ ವಿಷಯಕ್ಕೆ ಒಂದು ಪ್ಯಾರಾ ಮೀಸಲಿಡು. ತಿದ್ದಿದ ಕರಡನ್ನು ಕಳುಹಿಸಿದರೆ ಮತ್ತೊಮ್ಮೆ ಓದುತ್ತೇನೆ.

ನಿನ್ನ ಅಪ್ಪ