ದರಕು ಗುಡಿಸುವ ಕೆಲಸ

ಗೆಳೆಯಾ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಇಲ್ಲಿಯವರೆಗೆ ಎಷ್ಟು ಬೆಂಕಿ ಆರಿಸಿದ್ದೀಯಾ?" ಅಂತ. ನಾನು ಏನೋ ಹೇಳಿ ಮಾತು ಬದಲಿಸಿದೆ. ಆಮೇಲೆ ಮನಸ್ಸಿಗೆ ಸಮಾಧಾನ ಆಗಲಿಲ್ಲ. ಅದಕ್ಕೇ ಈ ಪತ್ರ.

ನಾನು ಅಗ್ನಿಶಾಮಕ ದಳದಲ್ಲಿರುವ ಊರು, ಅಮೆರಿಕದ ಕ್ಯಾಲಿಫೋರ್ನಿಯಾದ ಸೌತ್ ಲೇಕ್ ಟಾಹೋ, ಸಮುದ್ರಮಟ್ಟಕ್ಕಿಂತ 6,200 ಅಡಿಗೂ ಎತ್ತರದಲ್ಲಿದೆ. ಊರಿಗೆ ತಾಗಿಕೊಂಡೇ ಕೆರೆ. ಕೆರೆ ಅಂದರೆ ನಮ್ಮೂರಿನದರ ಹಾಗಲ್ಲ, ಆಳ 1,645 ಅಡಿ. ಅಷ್ಟು ನೀರು ಕಣ್ಣೆದುರೇ ಇದೆ. ಆದರೂ ಜೂನ್ ಬಂತೆಂದರೆ ಎಲ್ಲರೂ ಹೊಗೆಯ ವಾಸನೆ ಹುಡುಕುತ್ತಿರುತ್ತೇವೆ.

2007ರ ಜೂನ್‌ನಲ್ಲಿ ಯಾರೋ ಕಾಡಿನಲ್ಲಿ ಹಾಕಿ ಸರಿಯಾಗಿ ಆರಿಸದೆ ಬಿಟ್ಟುಹೋದ ಬೆಂಕಿಯಿಂದ ಆಂಗೋರಾ ಅನ್ನುವ ಕಾಡ್ಗಿಚ್ಚು ಎದ್ದು 254 ಮನೆ ಸುಟ್ಟಿತು. ಇಲ್ಲಿನ ಕಾಡಿನ ಕಥೆಯೂ ಅದಕ್ಕೆ ಕಾರಣ. 1859ರ ನಂತರ ಪಕ್ಕದ ನೆವಾಡಾ ರಾಜ್ಯದ ವರ್ಜೀನಿಯಾ ಸಿಟಿಯ ಬೆಳ್ಳಿ ಗಣಿಗಳಿಗೆ ಆಸರೆಯ ಕಂಬ ಬೇಕಾಗಿ ಈ ಕಣಿವೆಯ ಮರಗಳನ್ನು ಕಡಿದು ಬೋಳು ಮಾಡಿದರು. ಆಮೇಲೆ ಬೆಳೆದದ್ದೆಲ್ಲ ಒಂದೇ ವಯಸ್ಸಿನ, ಒತ್ತೊತ್ತಾದ ಮರಗಳು. ಇಲ್ಲಿನ ಮೂಲದವರಾದ ವಾಶೋ ಜನ ಹಿಂದೆ ತಾವೇ ಸಣ್ಣಸಣ್ಣ ಬೆಂಕಿ ಹಾಕಿ ಕಾಡಿನ ನೆಲದ ಒಣಕಸ ಸುಟ್ಟು ಹಸನು ಮಾಡುತ್ತಿದ್ದರು. ಅದೂ ನಿಂತುಹೋಯಿತು.

ಈಗ ನನ್ನ ಕೆಲಸ ಕೇಳು. ಬೇಸಿಗೆಯಲ್ಲಿ ಮನೆ ಮನೆಗೆ ಹೋಗಿ ಮಾಡು, ಅಂದರೆ ಛಾವಣಿ, ನೋಡುವುದು. ಪೈನ್ ಮರದ ಸೂಜಿಯೆಲೆ ಸೂರಂಚಿನ ಮಳೆನೀರಿನ ದೋಣಿಯಲ್ಲಿ ತುಂಬಿರುತ್ತದೆ. ಗೋಡೆಯಿಂದ 5 ಅಡಿಯೊಳಗೆ ಸುಡುವಂಥದ್ದು ಏನೂ ಬೇಡ, 100 ಅಡಿಯವರೆಗೆ ಗಿಡಗಂಟಿ ತೆಳುವಾಗಿರಲಿ ಅಂತ ಹೇಳುವುದು. ಚಳಿಗಾಲದಲ್ಲಿ ಬೆಂಕಿ ಆರಿಸಲು ನೀರು ಕೊಡುವ, ಹಿಮದಡಿ ಹೂತುಹೋದ ಬೀದಿಯ ಹೈಡ್ರೆಂಟ್‌ಗಳನ್ನು ಗುದ್ದಲಿ ಹಿಡಿದು ಬಿಡಿಸುವುದು. ಚಿಕ್ಕವರಿದ್ದಾಗ ಅಮ್ಮನ ಜೊತೆ ಬೆಟ್ಟದಲ್ಲಿ ಉದುರಿದ ಒಣ ಎಲೆ, ದರಕು ಗುಡಿಸಿ ಕೊಟ್ಟಿಗೆಗೆ ಹೊರುತ್ತಿದ್ದೆವು, ನೆನಪಿದೆಯಾ? ಈಗ ಸಂಬಳಕ್ಕೆ ಹೆಚ್ಚುಕಡಿಮೆ ಅದನ್ನೇ ಮಾಡುತ್ತಿದ್ದೇನೆ.

2021ರ ಆಗಸ್ಟ್ 30 ನಾನು ಸಾಯುವವರೆಗೂ ಮರೆಯಲ್ಲ. ಕಾಲ್ಡೋರ್ ಅನ್ನುವ ಕಾಡ್ಗಿಚ್ಚು ಎರಡು ವಾರದಿಂದ ಉರಿಯುತ್ತಿತ್ತು. ಬೆಟ್ಟದ ನೆತ್ತಿಯೆಲ್ಲ ಬರೀ ಕಲ್ಲು, ಅದನ್ನು ದಾಟಿ ಬರಲ್ಲ ಅಂದುಕೊಂಡಿದ್ದೆವು. ಕಿಡಿಗಳು ಹಾರಿ ಈಚೆ ಬಿದ್ದವು. ಊರಿಡೀ ಖಾಲಿಯಾಯಿತು. ಹೆದ್ದಾರಿ 50ರಲ್ಲಿ ಕಾರುಗಳು ತೆವಳುತ್ತಿದ್ದವು. ನಾವು ಪಕ್ಕದ ಕ್ರಿಸ್‌ಮಸ್ ವ್ಯಾಲಿ ಬಡಾವಣೆಯ ಖಾಲಿ ಬೀದಿಯಲ್ಲಿ ಮನೆಯಿಂದ ಮನೆಗೆ ಓಡುತ್ತಿದ್ದೆವು. ಸೌದೆ ರಾಶಿ ಎಳೆದು ದೂರ ಹಾಕು, ಗ್ಯಾಸ್ ಸಿಲಿಂಡರ್ ಸರಿಸು, ಬಾಗಿಲಿನ ನಾರಿನ ಚಾಪೆ ಕಿತ್ತೆಸೆ. ಬೇರೆಯವರ ಮನೆ ಅಂಗಳದಲ್ಲಿ ಮಕ್ಕಳ ಮೂರುಗಾಲಿ ಸೈಕಲ್ ಎತ್ತಿಟ್ಟಾಗ ಕೈ ನಡುಗಿತು. ಮೇಲೆ ಇಡೀ ಗುಡ್ಡ ಕೆಂಪಾಗಿತ್ತು.

ಮರಗಳ ತುದಿಯಲ್ಲಿ ಓಡಿಬರುತ್ತಿದ್ದ ಬೆಂಕಿ, ಮೊದಲೇ ಮರ ತೆಳು ಮಾಡಿದ್ದ ಜಾಗಕ್ಕೆ ಬಂದಾಗ ನೆಲಕ್ಕಿಳಿಯಿತು. ಹಾಗೆ ಇಳಿದರೆ ಮನುಷ್ಯರು ಎದುರು ನಿಲ್ಲಬಹುದು. ನಿಂತೆವು. ಬೆಂಕಿ ಒಟ್ಟು 2,21,000 ಎಕರೆಗೂ ಜಾಸ್ತಿ ಸುಟ್ಟಿತು. ಬೆಟ್ಟದ ಆಚೆ ಗ್ರಿಜ್ಲಿ ಫ್ಲಾಟ್ಸ್ ಅನ್ನುವ ಹಳ್ಳಿ ಹೆಚ್ಚೂಕಡಿಮೆ ಪೂರ್ತಿ ಹೋಯಿತು. ಈ ಕಣಿವೆಯ ಮನೆಗಳು ಉಳಿದವು. ಹಳ್ಳಿ ಕಳೆದುಕೊಂಡವರನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ.

ಎಷ್ಟು ಬೆಂಕಿ ಅಂದೆಯಲ್ಲ, ದೊಡ್ಡದಕ್ಕೆ ಎದುರು ನಿಂತದ್ದು ಅದೊಂದೇ ಸಲ. ಮಿಕ್ಕ ದಿನವೆಲ್ಲ ಇದೇ ಗುಡಿಸುವ ಕೆಲಸ. ನನಗೆ ಈ ಕೆಲಸದ ಮೇಲೆ ಜೀವ ಕಣೋ.

ನಾಳೆ ಒಬ್ಬರು ಅಜ್ಜಿಯ ಮನೆಗೆ ಹೋಗಬೇಕು. ಅವರಿಗೆ ಏಣಿ ಹತ್ತೋಕಾಗಲ್ಲ. ಮಾಡಿನ ಮೇಲಿನ ಎಲೆ ನಾನೇ ತೆಗೆದುಕೊಡುತ್ತೇನೆ ಅಂದಿದ್ದೇನೆ. ಈ ಸಲ ನಿಮ್ಮ ಮನೆಯ ದರಕು ಮಳೆಗೆ ಮುಂಚೆ ಕೊಟ್ಟಿಗೆ ಸೇರಿತಾ? ಬರೆ.

ನಿನ್ನ,
ಹಳೇ ಬೆಂಚಿನ ಗೆಳೆಯ